ತಂಗಿಯ ಹಾಲುಹಲ್ಲು

ಆರನೆಯ ಇಯತ್ತೆಯಲ್ಲಿದ್ದಾಗ ಶಾಲೆಯವರು ನಮ್ಮನ್ನು ಅತ್ತಿವೇರಿಗೆ ಹಕ್ಕಿ ತೋರಿಸಲು ಕರೆದೊಯ್ದಿದ್ದರು. ಜಲಾಶಯದ ಒಡ್ಡಿನ ಹತ್ತಿರ ಒಬ್ಬಾಕೆ ಗೋವಿನಜೋಳದ ತೆನೆ ಸುಟ್ಟು ಮಾರುತ್ತಿದ್ದಳು. ಗುರುಗಳು ಎಲ್ಲರಿಗೂ ಒಂದೊಂದು ಕೊಡಿಸಿದರು. ನಾನು ಯಾವತ್ತೂ ತೆನೆಯನ್ನು ಕಚ್ಚಿ ತಿಂದವಳಲ್ಲ. ಕಾಳು ಬಿಡಿಸಿ, ಒಂದೊಂದೇ ಬಾಯಿಗೆ ಹಾಕಿಕೊಂಡು, ಮೆತ್ತಗಾದ ಮೇಲೆ ನುಂಗುತ್ತಿದ್ದೆ. ಅಂದು ಸುತ್ತಲಿನ ಹುಡುಗಿಯರೆಲ್ಲ ಕಚ್ಚಿ ತಿನ್ನುವುದನ್ನು ನೋಡಿ ನಾನೂ ಕಚ್ಚಿಬಿಟ್ಟೆ. ನೋವೇನೂ ಆಗಲಿಲ್ಲ. ತೆನೆಯನ್ನು ಬಾಯಿಂದ ತೆಗೆದರೆ ನನ್ನ ಮುಂದಿನ ಹಲ್ಲು ಅದರಲ್ಲೇ ನೆಟ್ಟುಕೊಂಡು ನಿಂತಿತ್ತು. ಪಕ್ಕದಲ್ಲಿದ್ದ ಗೆಳತಿ ಅದನ್ನು ನೋಡಿ ಎದ್ದು ದೂರ ಹೋಗಿ ಕೂತಳು. ತೆನೆಯನ್ನು ಪೊದೆಯೊಳಗೆ ಎಸೆದು, ನಮ್ಮೂರು ಮುಂಡಗೋಡ ಮುಟ್ಟುವವರೆಗೂ ತುಟಿ ಬಿಚ್ಚದೆ ಬಸ್ಸಿನಲ್ಲಿ ಕೂತಿದ್ದೆ.

ಅದು ಹಾಲುಹಲ್ಲಲ್ಲ. ಹಾಲುಹಲ್ಲುಗಳೆಲ್ಲ ನಾನು ಶಾಲೆಗೆ ಸೇರುವ ಮೊದಲೇ ಉದುರಿ ಹೋಗಿದ್ದವು. ಒಸಡು ಬಾತುಕೊಂಡು, ಕೀವು ಸೋರಿ, ಮುಟ್ಟಿದರೆ ಅಲುಗಾಡಿ ಬಿದ್ದಿದ್ದವು. ಆಮೇಲೆ ಒಸಡು ತಾನಾಗಿಯೇ ವಾಸಿಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ರೋಗ ಹೋಯಿತೆಂದು ಅವ್ವ ಬಸವಣ್ಣನ ಗುಡಿಗೆ ಎಣ್ಣೆ ಕೊಟ್ಟು ಬಂದಿದ್ದಳಂತೆ. ಎರಡನೆಯ ಹಲ್ಲು ಬಂದಂತೆ ಕೀವೂ ಬಂತು. ಹಲ್ಲು ಇರುವಷ್ಟು ದಿನ ಮಾತ್ರ ನನ್ನ ಬಾಯಿಗೆ ರೋಗವಿರುತ್ತಿತ್ತು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಬಾಯಿಯದು ಒಂದಾದರೆ ಕೈಕಾಲಿನದು ಇನ್ನೊಂದು. ನನ್ನ ಅಂಗೈ, ಅಂಗಾಲಿನ ಚರ್ಮ ದಪ್ಪವಾಗಿ, ಹಳದಿಯಾಗಿ, ಚಳಿಗಾಲ ಬಂದರೆ ರಕ್ತ ಜಿನುಗುವಷ್ಟು ಬಿರುಕು ಬಿಡುತ್ತಿತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕುತ್ತಿದ್ದಳು. ಕೈಕಾಲಿಗೂ ಬಾಯಿಗೂ ಸಂಬಂಧ ಇದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ. ಚರ್ಮಕ್ಕೆ ಒಬ್ಬ ಡಾಕ್ಟರು, ಹಲ್ಲಿಗೆ ಇನ್ನೊಬ್ಬರು. ನಡುವೆ ನಾಗದೋಷ ಎಂದವರೂ ಇದ್ದರು. ಟಿಬೆಟಿಯನ್ನರ ಕ್ಯಾಂಪಿನ ವೈದ್ಯರು ಬಹಳ ಹೊತ್ತು ನಾಡಿ ಹಿಡಿದು ಕಪ್ಪು ಗುಳಿಗೆ ಕೊಟ್ಟರು. ಅದನ್ನು ಬಿಸಿನೀರಿನಲ್ಲಿ ಅರೆದು ಕುಡಿದೆ. ಬೇವಿನ ಕಡ್ಡಿ, ಲವಂಗದ ಎಣ್ಣೆ, ಸ್ಫಟಿಕದ ನೀರು ಎಲ್ಲವೂ ಆದವು. ಬಾಯಿಯ ವಾಸನೆ ಮಾತ್ರ ಹೋಗಲಿಲ್ಲ. ತರಗತಿಯಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ ಕೂರುತ್ತಿದ್ದೆ.

ನಮ್ಮ ಮನೆಯಲ್ಲಿ ಅವ್ವನೂ ನಾನೂ ಒಬ್ಬಾಕೆಯನ್ನೇ ಆಯಿ ಎಂದು ಕರೆಯುತ್ತಿದ್ದೆವು. ಆಕೆ ಅಪ್ಪನ ತಾಯಿ. ಅವ್ವನಿಗೋ ತಾಯಿಯ ತಾಯಿ. ಆಯಿಯ ಹಿರಿಯ ಮಗಳನ್ನು ಹಳಿಯಾಳಕ್ಕೆ ಕೊಟ್ಟಿದ್ದರು. ಆ ಮಗಳ ಮಗಳೇ ನನ್ನ ಅವ್ವ. ಆಕೆಯನ್ನು ಸೋದರಮಾವನಿಗೆ, ಅಂದರೆ ಆಯಿಯ ಕಿರಿಯ ಮಗನಿಗೆ, ತಂದುಕೊಂಡರು. ನಮ್ಮ ಕಡೆ ಇದು ಅಪರೂಪವೇನಲ್ಲ. ಅವ್ವ ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಪೇಟೆ ತಿರುಗಿದ್ದಳಂತೆ. ಮದುವೆಗೆ ಮೊದಲು ಮಾಮಾ ಎಂದು ಕರೆಯುತ್ತಿದ್ದವಳು ಮದುವೆಯಾದ ಮೇಲೆ ಏನೆಂದೂ ಕರೆಯದೆ ದಿನ ದೂಡಿದಳು.

ನನ್ನ ಗತಿ ನೋಡಿ ಅವ್ವ ಇನ್ನೊಂದು ಮಗುವಿಗೆ ಬಹಳ ವರ್ಷ ಧೈರ್ಯ ಮಾಡಿರಲಿಲ್ಲ. ತಂಗಿ ಹುಟ್ಟಿದಾಗ ನನಗೆ ಹತ್ತು ವರ್ಷ. ಮಗುವನ್ನು ಮೊದಲ ಸಲ ಕೈಗೆ ಕೊಟ್ಟಾಗ ಅವ್ವ ಮುಖ ನೋಡುವ ಮೊದಲು ಅಂಗಾಲು ನೋಡಿದಳು. ಬೆಣ್ಣೆಯಂತಿತ್ತು. ಆಮೇಲೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚುವ ನೆಪದಲ್ಲಿ ಆ ಪುಟ್ಟ ಪಾದಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮಗು ನಿಂತು ಹೆಜ್ಜೆ ಹಾಕತೊಡಗಿದ ಸ್ವಲ್ಪ ದಿನಕ್ಕೆ ಒಂದು ಮುಂಜಾನೆ ಅವ್ವ ಬಹಳ ಹೊತ್ತಾದರೂ ಪಡಸಾಲೆಯಿಂದ ಏಳಲಿಲ್ಲ. ಹೋಗಿ ನೋಡಿದರೆ ತಂಗಿಯ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ತೀಡುತ್ತಾ ಕೂತಿದ್ದಳು. ಅಲ್ಲಿ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ನನ್ನ ಕಡೆ ನೋಡದೆಯೇ, ಧೂಳಿರಬೇಕು, ಒರೆಸುವ ಬಟ್ಟೆ ತಾ ಎಂದಳು. ತಂದುಕೊಟ್ಟೆ. ಅದು ಧೂಳಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಹುಬ್ಬಳ್ಳಿ ಆಚೆಯ ಒಂದು ದಂತ ಕಾಲೇಜಿನವರು ನಮ್ಮ ಹೈಸ್ಕೂಲಿಗೆ ಹಲ್ಲಿನ ತಪಾಸಣೆಗೆ ಬಂದರು. ತಪ್ಪಿಸಿಕೊಂಡು ಹಿತ್ತಲ ಕಡೆ ಹೋಗಿದ್ದೆ. ಗುರುಗಳು ಹುಡುಕಿ ಎಳೆದುತಂದರು. ನನ್ನ ಬಾಯಿ ನೋಡಿದ ಹೆಂಗಸು ನಡುವಯಸ್ಸಿನವರು, ಕನ್ನಡಕ ಹಾಕಿದ್ದರು. ಎಲ್ಲರೂ ಮಾಡುವಂತೆ ಮುಖ ತಿರುಗಿಸಲಿಲ್ಲ. ಉಳಿದಿದ್ದ ಕೆಲವೇ ಹಲ್ಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದರು. ಬಳಿಕ ನನ್ನ ಕೈ ಹಿಡಿದು ಅಂಗೈ ತಿರುವಿದರು.

"ಕಾಲುಚೀಲ ತೆಗಿಯವ್ವಾ" ಎಂದರು.

ತೆಗೆದೆ. ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಪಾದ ನೋಡಿದರು. ಎದ್ದವರೇ, ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೇ, ಅಪ್ಪ ಅವ್ವ ಸಂಬಂಧಿಕರೇ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ನನ್ನ ಬಾಯಿಯನ್ನೂ ಕಾಲನ್ನೂ ಒಟ್ಟಿಗೆ ನೋಡಿದವರು ಅವರೊಬ್ಬರೇ.

ಮುಂದಿನ ವಾರ ಅವ್ವ ನನ್ನನ್ನೂ ತಂಗಿಯನ್ನೂ ಕರೆದುಕೊಂಡು ಅವರ ಕಾಲೇಜಿಗೆ ಹೋದಳು. ಬಾಯಿಯ ರೋಗಗಳು ಮನೆತನದಲ್ಲಿ ಹೇಗೆ ಇಳಿದುಬರುತ್ತವೆಂದು ಆ ಡಾಕ್ಟರು ಸಂಶೋಧನೆ ಮಾಡುತ್ತಿದ್ದರು. ಅವ್ವನಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. ನಮ್ಮ ಮೈಯಲ್ಲಿ ಪ್ರತಿ ಕೆಲಸಕ್ಕೂ ಜೀನುಗಳಿರುತ್ತವೆ, ತಂದೆಯಿಂದ ಒಂದು ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೆ ಇನ್ನೊಂದು ಹೇಗೋ ಕೆಲಸ ನಡೆಸಿಕೊಂಡು ಹೋಗುತ್ತದೆ, ಆ ಮನುಷ್ಯನಿಗೆ ಏನೂ ಆಗುವುದಿಲ್ಲ. ಎರಡೂ ಕೆಟ್ಟವೇ ಸಿಕ್ಕರೆ ಒಸಡಿಗೆ ಕಾವಲೇ ಇಲ್ಲದಂತಾಗುತ್ತದೆ. ಬಾಯಿಯೊಳಗಿನ ಸೂಕ್ಷ್ಮಜೀವಿಗಳು ಹಲ್ಲನ್ನು ಹಿಡಿದ ಎಲುಬನ್ನೇ ತಿಂದುಹಾಕುತ್ತವೆ. ಕೈಕಾಲಿನ ಚರ್ಮಕ್ಕೂ ಅದೇ ಕಾರಣ.

ಅವ್ವ ಆಮೇಲೆ ಒಂದೇ ಮಾತು ಕೇಳಿದಳು.

"ನನ್ನ ಹಲ್ಲು ಗಟ್ಟಿ ಅದಾವ್ರಿ ಡಾಕ್ಟರ್ ಬಾಯಾರ. ಇವನ್ನ ಕಿತ್ತು ಸಣ್ಣಾಕಿಗೆ ಹಾಕಾಕ ಬರ್ತೈತೇನ್ರಿ?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ನನ್ನ ಹಲ್ಲುಗಳನ್ನು ಉಳಿಸಲಾಗದು ಎಂದು ನನ್ನ ಎದುರೇ ಹೇಳಿದರು, ಬಚ್ಚಿಡಲಿಲ್ಲ. ತಂಗಿಯ ವಿಷಯಕ್ಕೆ ಬಂದಾಗ ಮಾತು ನಿಧಾನವಾಯಿತು. ಕೆಲವರು ಒಂದು ದಾರಿ ಪ್ರಯತ್ನಿಸಿದ್ದಾರೆ, ಖಾತ್ರಿಯಿಲ್ಲ ಎಂದರು. ಎರಡನೆಯ ಹಲ್ಲು ಹುಟ್ಟುವ ಮೊದಲೇ ಹಾಲುಹಲ್ಲುಗಳನ್ನೆಲ್ಲ ಕಿತ್ತು, ಔಷಧ ಕೊಟ್ಟು, ಬಾಯನ್ನು ಕೆಲವು ಕಾಲ ಖಾಲಿ ಇಡಬೇಕು. ಆಗ ಕೆಟ್ಟ ಜೀವಿಗಳು ಸಾಯುತ್ತವೆ, ಹೊಸ ಹಲ್ಲು ಬಂದರೆ ಉಳಿಯಬಹುದು. ಆದರೆ ಇದು ಅದೇ ರೋಗವೆಂದು ಖಚಿತವಾಗದೆ ಅಷ್ಟು ಸಣ್ಣ ಮಗುವಿನ ಗಟ್ಟಿ ಹಲ್ಲುಗಳನ್ನು ಮುಟ್ಟಲು ಅವರು ಸಿದ್ಧರಿರಲಿಲ್ಲ. ಅದಕ್ಕೆ ಮನೆಯವರೆಲ್ಲರ ಉಗುಳು ಬೇಕು, ದೂರದ ಊರಿನ ಪ್ರಯೋಗಾಲಯಕ್ಕೆ ಕಳಿಸಬೇಕು, ಫಲಿತಾಂಶ ಬರಲು ತಿಂಗಳುಗಳೇ ಹಿಡಿಯಬಹುದು ಎಂದರು. ತಂಗಿಗೆ ಆಗಲೇ ನಾಲ್ಕು ನಡೆಯುತ್ತಿತ್ತು. ಕೆಳಗಿನ ಒಸಡು ಬಾತಿತ್ತು.

ಡಾಕ್ಟರು ತಾವೇ ಜೀಪು ಮಾಡಿಕೊಂಡು ನಮ್ಮ ಮನೆಗೆ ಬಂದರು. ಮುಚ್ಚಳವಿದ್ದ ಸಣ್ಣ ಪ್ಲಾಸ್ಟಿಕ್ ನಳಿಕೆಗಳನ್ನು ತಂದಿದ್ದರು. ಪೇಟೆಯ ಕಿರಾಣಿ ಅಂಗಡಿಯಿಂದ ಅಪ್ಪನನ್ನು ಕರೆಸಿದೆವು. ಅಪ್ಪ ಕೂರಲೇ ಇಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಇಂಥದ್ದಿಲ್ಲ, ಮುದಿ ವಯಸ್ಸಿನಲ್ಲೂ ತಾಯಿ ಪುಟಾಣಿ ಕಡಲೆ ಅಗಿಯುತ್ತಾಳೆ, ನಮ್ಮ ರಕ್ತದಲ್ಲಿ ಏನು ಹುಡುಕುತ್ತೀರಿ ಎಂದ. ಡಾಕ್ಟರು ಸಮಾಧಾನವಾಗಿಯೇ ಎಷ್ಟು ಹೇಳಿದರೂ ನಳಿಕೆಯನ್ನು ಮುಟ್ಟಲಿಲ್ಲ. ಅವ್ವ ಗೋಡೆಗೆ ಒರಗಿ ನಿಂತಿದ್ದಳು. ಗಂಡನಿಗೆ ಎದುರಾಡಿ ರೂಢಿಯಿರಲಿಲ್ಲ. ಆದರೆ ಆ ದಿನ ಆಕೆ ಬಹಳ ವರ್ಷದ ಮೇಲೆ ಅಪ್ಪನನ್ನು ಕರೆದಳು. "ಮಾಮಾ" ಎಂದಳು, ಅಷ್ಟೇ.

ಮೂಲೆಯಲ್ಲಿ ಕೂತಿದ್ದ ಆಯಿ ಕೈಯೂರಿ ಎದ್ದಳು.

"ನಾ ಉಗುಳಿದ್ರ ಗೊತ್ತಾಕ್ಕೇತೇನ್ರಿ, ಇದು ಎಲ್ಲಿಂದ ಬಂತಂತ?"

ಗೊತ್ತಾಗಬಹುದು ಎಂದರು ಡಾಕ್ಟರು. ಆಯಿ ಬಾಯಿ ಮುಕ್ಕಳಿಸಿ ಬಂದು, ನಳಿಕೆ ಇಸಿದುಕೊಂಡು, ಗೋಡೆಯ ಕಡೆ ತಿರುಗಿ ಉಗುಳಿದಳು. ತಾಯಿ ಕೊಟ್ಟ ಮೇಲೆ ಅಪ್ಪನೂ ಕೊಟ್ಟ, ಅವ್ವನೂ ನಾನೂ ಕೊಟ್ಟೆವು. ತಂಗಿಯ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿಕೊಂಡರು. ಮಾರನೆಯ ದಿನ ಅವ್ವನೇ ಹಳಿಯಾಳಕ್ಕೆ ಹೋಗಿ, ದೇವರಿಗೆ ಹೋಗಿ ಬರುತ್ತೇವೆಂದು ಹೇಳಿ ತನ್ನ ತಾಯಿಯನ್ನು ಹೊರಡಿಸಿಕೊಂಡು ಕಾಲೇಜಿಗೆ ಹೋಗಿ ಉಗುಳು ಕೊಡಿಸಿ ಬಂದಳು.

ಆಮೇಲಿನದು ತಿಂಗಳುಗಟ್ಟಲೆ ಕಾಯುವುದೇ ಆಯಿತು. ಫೋನು ರಿಂಗಾದರೆ ಅವ್ವ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದಳು. ತಂಗಿಯ ಕೆಳಗಿನ ಎರಡು ಹಲ್ಲು ಬಿದ್ದವು. ಬಿದ್ದ ಹಲ್ಲನ್ನು ಮಕ್ಕಳು ಮಾಡಿನ ಮೇಲೆ ಎಸೆಯುವಂತೆ ತಂಗಿಯೂ ನಗುತ್ತಾ ಎಸೆದಳು. ಅವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಒಮ್ಮೆ ಬಟ್ಟೆ ಒಗೆಯುವಾಗ ನನಗೆ ಹೇಳಿದಳು, ಇದು ಆ ರೋಗ ಅಲ್ಲ ಅಂತ ಬಂದರೆ ಮದ್ದೇ ಇಲ್ಲ, ಹೌದು ಅಂತ ಬಂದರೆ ಹಲ್ಲೆಲ್ಲ ಕೀಳಿಸಬೇಕು, ಯಾವುದನ್ನು ಬೇಡಬೇಕು ಅಂತ ದೇವರ ಮುಂದೆ ನಿಂತಾಗ ತಿಳಿಯುವುದೇ ಇಲ್ಲ ಅಂತ.

ಕೊನೆಗೆ ಡಾಕ್ಟರು ಕರೆದರು. ಬೇಡವೆಂದರೂ ಕೇಳದೆ ಆಯಿಯೂ ಬಸ್ಸು ಹತ್ತಿದಳು. ನನ್ನಲ್ಲೂ ತಂಗಿಯಲ್ಲೂ ಆ ಜೀನಿನ ಎರಡೂ ಪ್ರತಿ ಕೆಟ್ಟಿವೆ, ಅಪ್ಪನಲ್ಲಿ ಒಂದು, ಅವ್ವನಲ್ಲಿ ಒಂದು, ಹಳಿಯಾಳದ ಅಜ್ಜಿಯಲ್ಲಿ ಒಂದು, ಆಯಿಯಲ್ಲೂ ಒಂದು, ಎಲ್ಲವೂ ಒಂದೇ ದೋಷ ಎಂದರು. ಆಯಿಯಿಂದ ಮಗನಿಗೂ ಮಗಳಿಗೂ ಇಳಿದು, ಮಗಳಿಂದ ಮೊಮ್ಮಗಳಿಗೆ ಬಂದು, ಎರಡು ಕವಲು ನಮ್ಮ ಮನೆಯಲ್ಲಿ ಮತ್ತೆ ಕೂಡಿದ್ದವು. ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಆಯಿಯ ಕೈ ಹಿಡಿದು ಹೇಳಿದರು. ಆ ರಾತ್ರಿ ಮನೆಯಲ್ಲಿ ಆಯಿ, ಊಟಕ್ಕೆ ಕರೆಯಲು ಬಂದ ಅವ್ವನನ್ನು ಹತ್ತಿರ ಕೂರಿಸಿಕೊಂಡಳು.

"ಆಸ್ತಿ ಹೊರಗ ಹೋಗಬಾರದಂತ ಮಾಡಿದ್ದಲ್ಲ ಇದನ್ನ. ಮಗಳನ್ನ ಕೊಟ್ಟು ದೂರ ಮಾಡಿಕೊಂಡಿದ್ದೆ. ನೀನಾದ್ರೂ ಕಣ್ಣಮುಂದ ಇರ್ಲಿ ಅಂತ ತಂದ್ಕೊಂಡೆ."

ಅವ್ವ ಆಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಚಿಕ್ಕಂದಿನಲ್ಲಿ ಆಕೆಯನ್ನು ಆಡಿಸಿದ್ದೂ ಅದೇ ತೊಡೆ.

ಹಲ್ಲು ಕೀಳಿಸುವ ಮಾತಿಗೆ ಅಪ್ಪ ಒಪ್ಪಲಿಲ್ಲ. ಬಿದ್ದವು ಬಿದ್ದುಹೋಗಲಿ, ಗಟ್ಟಿ ಇರುವುದನ್ನೂ ಕಿತ್ತರೆ ಕಟುಕರಿಗೂ ನಮಗೂ ಏನು ವ್ಯತ್ಯಾಸ ಎಂದ. ಅಪ್ಪ ಕೆಟ್ಟವನಲ್ಲ. ತಂಗಿ ಪೇರಲಹಣ್ಣು ಕಚ್ಚುವುದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿಕೊಂಡು ನೋಡುತ್ತಿದ್ದವನು ಅವನೇ. ಕಾಲ ಮೀರುತ್ತಿತ್ತು. ಒಂದು ಮಧ್ಯಾಹ್ನ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ನಿಂಗಷ್ಟ ಗೊತ್ತು ಇದರ ಸಂಕಟ. ಹೇಳು, ಅವತ್ತ ನಿಂಗ ಹಿಂಗ ಮಾಡಿಸಿದ್ರ ನನ್ನ ಬೈತಿದ್ದೇನು?"

ಆಗ ನನ್ನ ಬಾಯಲ್ಲಿ ಉಳಿದಿದ್ದವು ಹಿಂದಿನ ಕೆಲವು. ಅವೂ ರಾತ್ರಿ ಹಗಲು ನೋಯುತ್ತಿದ್ದವು. ಬೆಂಚಿನಲ್ಲಿ ಒಂಟಿಯಾಗಿ ಕೂತ ವರ್ಷಗಳೆಲ್ಲ ನೆನಪಾದವು.

"ಕೀಳಸವ್ವಾ" ಎಂದೆ.

ಅಪ್ಪನಿಗೆ ಅವ್ವ ಏನು ಹೇಳಿದಳೋ ಗೊತ್ತಿಲ್ಲ. ಆಸ್ಪತ್ರೆಗೆ ಅಪ್ಪ ಬಂದ, ಆದರೆ ಒಳಗೆ ಬರದೆ ಗೇಟಿನ ಹತ್ತಿರ ಗಿಡದ ಕೆಳಗೆ ನಿಂತಿದ್ದ. ತಂಗಿಗೆ ಮಂಪರಿನ ಔಷಧ ಕೊಟ್ಟು ಒಳಗೆ ಎತ್ತಿಕೊಂಡು ಹೋದರು. ಹೊರಗೆ ತಂದಾಗ ಬಾಯಲ್ಲಿ ಹತ್ತಿ ತುರುಕಿದ್ದರು, ಗಲ್ಲದ ಮೇಲೆ ರಕ್ತ ಒಣಗಿತ್ತು. ಎಚ್ಚರವಾದ ಮೇಲೆ ನಾಲಿಗೆಯಿಂದ ಬಾಯನ್ನೆಲ್ಲ ತಡವಿ ನೋಡಿದಳು. ಅಳಲಿಲ್ಲ. ಅವ್ವನ ಮುಖ ನೋಡಿ ತೊದಲುತ್ತಾ ಕೇಳಿದಳು.

"ನನ್ನ ಹಲ್ಲು ಎಲ್ಲಿ ಇಟ್ಟಾರ?"

ನಾನೇ ಮುಂದೆ ಹೋಗಿ, ಹೊಸ ಹಲ್ಲು ತರಲು ಹೋಗ್ಯಾವ ಎಂದೆ. ಅವು ಬರುತ್ತವೋ ಇಲ್ಲವೋ, ಬಂದರೂ ನಿಲ್ಲುತ್ತವೋ ಇಲ್ಲವೋ ಎಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಖಾಲಿ ಬಾಯಿಯ ಆ ಕಾಲ ಬಹಳ ಉದ್ದವಾಗಿತ್ತು. ಅಂಬಲಿ, ಹಾಲಲ್ಲಿ ಕಿವುಚಿದ ಅನ್ನ, ಬೇಯಿಸಿ ಹಿಸುಕಿದ ಬಾಳೆಕಾಯಿ. ಓಣಿಯಲ್ಲಿ ಅವ್ವನನ್ನು ಮಗಳ ಹಲ್ಲು ಕೀಳಿಸಿದ ಹುಚ್ಚಿ ಎಂದರು. ಅಂಗನವಾಡಿಯಲ್ಲಿ ತಂಗಿಯನ್ನು ಮುದುಕಿ ಎಂದು ಕರೆದರು. ಅಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದನ್ನೇ ಬಿಟ್ಟ. ತಂಗಿಯ ಎದುರು ಕೂತು ರೊಟ್ಟಿ ಮುರಿಯಲು ಅವನಿಗೆ ಆಗುತ್ತಿರಲಿಲ್ಲ. ಅವ್ವ ದಿನಾ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಬೋಳು ಒಸಡನ್ನು ಒರೆಸಿ, ಹಿಂದಿನ ಮೂಲೆಯನ್ನು ಒತ್ತಿ ನೋಡುತ್ತಿದ್ದಳು. ಹೀಗೇ ಒಂದು ಬೆಳಿಗ್ಗೆ ತಂಗಿ ಸಿಟ್ಟಿಗೆದ್ದು ಕಚ್ಚಿದಳು. ಅವ್ವ ಬೆರಳು ತೆಗೆದು ನೋಡಿಕೊಂಡಳು. ಅದರ ಮೇಲೆ ಹೊಸ ಹಲ್ಲಿನ ಒಂದು ಗುಳಿ ಬಿದ್ದಿತ್ತು. ಆ ಬೆರಳನ್ನು ಹಿಡಿದುಕೊಂಡೇ ಅಂಗಡಿಯವರೆಗೆ ನಡೆದು ಹೋಗಿ ಅಪ್ಪನಿಗೆ ತೋರಿಸಿದಳು. ಗಿರಾಕಿಗಳ ಮುಂದೆ ಇಬ್ಬರೂ ಅತ್ತರಂತೆ.

ತಂಗಿಯ ಹಲ್ಲು ಕೀಳಿಸಿದ ವರ್ಷವೇ ನನ್ನ ಕೊನೆಯ ಹಲ್ಲುಗಳನ್ನು ತೆಗೆದರು. ಹತ್ತನೆಯ ತರಗತಿಗೆ ಹೋಗುವಾಗ ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಕೊಂಡು ಹೋದೆ. ಸಕಾರ, ಶಕಾರ ಬಂದಾಗ ಸೀಟಿ ಹೊಡೆದಂತಾಗುತ್ತಿತ್ತು. ವಚನ ಹೇಳುವುದೆಂದರೆ ನನಗೆ ಪ್ರಾಣ. ಸ್ಪರ್ಧೆಯಲ್ಲಿ ಮೊದಲ ಸಾಲು ಮುಗಿಸುವಷ್ಟರಲ್ಲಿ ಸೆಟ್ಟು ಸಡಿಲಾಗಿ, ಬಾಯಿಗೆ ಕೈ ಅಡ್ಡ ಹಿಡಿದು ವೇದಿಕೆ ಇಳಿದೆ. ಆಮೇಲೆ ಹತ್ತಲಿಲ್ಲ.

ಎಲ್ಲ ಒಂದು ದಡ ಸೇರಿತೆನ್ನುವಷ್ಟರಲ್ಲಿ ಮಳಗಿಯಲ್ಲಿದ್ದ ದೊಡ್ಡಪ್ಪನ ಮಗನಿಗೆ ಹಳಿಯಾಳದ ಮಾಮಾನ ಮಗಳನ್ನು ಕೊಡುವ ಮಾತು ಬಂತು. ಮಾಮಾ ಅಂದರೆ ಅವ್ವನ ಒಡಹುಟ್ಟಿದ ಅಣ್ಣ. ಹುಡುಗ ಆಯಿಯ ಮೊಮ್ಮಗ, ಹುಡುಗಿ ಆಯಿಯ ಮಗಳ ಮೊಮ್ಮಗಳು. ಅದೇ ಎರಡು ಕವಲು. ಇಬ್ಬರಲ್ಲೂ ದೋಷ ಇರಲೇಬೇಕೆಂದೇನಿಲ್ಲ, ಪರೀಕ್ಷೆ ಮಾಡಿಸಿ ನೋಡಬಹುದು, ಆದರೆ ಹೇಳದೆ ಇರಬೇಡಿ ಎಂದರು ಡಾಕ್ಟರು. ಅವ್ವ ನನ್ನನ್ನು ಕರೆದುಕೊಂಡು ಹಳಿಯಾಳಕ್ಕೆ ಹೋದಳು. ತವರಿನ ಪಡಸಾಲೆಯಲ್ಲಿ ಕೂತು ಅಣ್ಣನಿಗೆ ಎಲ್ಲವನ್ನೂ ಹೇಳಿದಳು. ಉಗುಳು ಕೊಟ್ಟ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

ಮಾಮಾ ಪೂರ್ತಿ ಕೇಳಿದ. ಆಮೇಲೆ ಎದ್ದು ನಿಂತ.

"ನಿನ್ನ ಮನಿಗೆ ಹತ್ತಿದ ಬೆಂಕಿ ನನ್ನ ಮನಿಗೂ ಹಚ್ಚಾಕ ಬಂದೀಯೇನು? ಈ ಸುದ್ದಿ ಹೊರಗ ಬಿದ್ರ ನನ್ನ ಮಗಳನ್ನ ಯಾರು ಮಾಡ್ಕೋತಾರ?"

"ಅಣ್ಣಾ, ನಿನ್ನ ಮಗಳ ಕೂಸಿನ ಬಾಯಾಗ ಕೀವು ಒರಸೋದು ಬ್ಯಾಡ ಅಂತ ಬಂದೇನಿ" ಎಂದಳು ಅವ್ವ.

ಮಾಮಾ ಅವ್ವನ ಚೀಲವನ್ನು ಒಯ್ದು ಹೊರಗಿನ ಕಟ್ಟೆಯ ಮೇಲಿಟ್ಟ. ನಾವು ಎದ್ದು ಬಂದೆವು. ನೀರು ಸಹ ಕುಡಿದಿರಲಿಲ್ಲ.

ಕೆಲವು ದಿನಗಳಾದ ಮೇಲೆ ಆ ಹುಡುಗಿ ಮನೆಯಲ್ಲಿ ಏನೋ ಹೇಳಿ ಒಬ್ಬಳೇ ನಮ್ಮ ಮನೆಗೆ ಬಂದಳು. ಒಳಕೋಣೆಗೆ ಹೋಗಿ, ಸೆಟ್ಟು ತೆಗೆದು ತೋರಿಸುತ್ತೀಯಾ ಎಂದು ನನ್ನನ್ನು ಕೇಳಿದಳು. ಹೊರಗಿನವರಾರಿಗೂ ನಾನು ಹಾಗೆ ಮುಖ ತೋರಿಸಿದವಳಲ್ಲ. ತೆಗೆದೆ. ಅವಳು ಕಣ್ಣು ಮುಚ್ಚಲಿಲ್ಲ. ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದಳು. ಮಳಗಿಯ ಹುಡುಗನೂ ಪರೀಕ್ಷೆಗೆ ಒಪ್ಪಿ ಬಂದ. ಇಬ್ಬರಲ್ಲೂ ದೋಷವಿತ್ತು. ಮದುವೆ ಬೇಡವೆಂದು ಅವರಿಬ್ಬರೇ ಮಾತಾಡಿಕೊಂಡರು. ಅವಳನ್ನು ಈಗ ದಾಂಡೇಲಿಗೆ, ಸಂಬಂಧವಿಲ್ಲದ ಮನೆಗೆ ಕೊಟ್ಟಿದ್ದಾರೆ. ಇಬ್ಬರು ಮಕ್ಕಳು, ಅಂಗಾಲು ನುಣ್ಣಗಿವೆಯಂತೆ.

ಅವ್ವನಿಗೆ ಮಾತ್ರ ತವರಿನ ಬಾಗಿಲು ಮುಚ್ಚಿತು. ನಾಗರಪಂಚಮಿಗೆ ಕರೆ ಬರುವುದು ನಿಂತಿತು. ಹಳಿಯಾಳದ ಅಜ್ಜಿ ತೀರಿಕೊಂಡಾಗ ಹೇಳಿಕಳಿಸಿದವರು ನೆರೆಯವರು. ನಾವು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅವ್ವ ಹಸಿ ಮಣ್ಣಿನ ಮುಂದೆ ಕೂತು, ಗೊತ್ತಿದ್ದೂ ಸುಮ್ಮನಿದ್ದಿದ್ದರೆ ತಾಯಿಯ ಮುಖವಾದರೂ ಸಿಗುತ್ತಿತ್ತು ಎಂದು ಅತ್ತಳು. ಎದ್ದು ಸೆರಗು ಕೊಡವಿ, ಆದರೂ ಸುಮ್ಮನಿರಲು ಆಗುತ್ತಿರಲಿಲ್ಲ ಎಂದಳು. ಆಯಿಯೂ ಮಗಳ ಹಿಂದೆಯೇ ತೀರಿಹೋದಳು.

ತಂಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಬಂದ ಹಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಂತಿವೆ. ಮುಂದಿನವು ಇರುವುದರಿಂದ ನಕ್ಕರೆ ಯಾರಿಗೂ ಗೊತ್ತಾಗುವುದಿಲ್ಲ. ಹಿಂದಿನವು ಕೆಲವು ಹೋಗಿವೆ. ಕೆಲವೇ ತಿಂಗಳಿಗೊಮ್ಮೆ ಒಸಡು ಶುಚಿ ಮಾಡಿಸಲು ಹೋಗಲೇಬೇಕು. ಇದಕ್ಕೆ ಕೊನೆಯೆಂಬುದಿಲ್ಲ. ನಾನು ಸನವಳ್ಳಿಯ ಶಾಲೆಯಲ್ಲಿ ಕಲಿಸುತ್ತೇನೆ. ಮದುವೆಯಾಗಿಲ್ಲ. ನೋಡಲು ಬಂದವರಿಗೆ ಅವ್ವ ಮೊದಲೇ ಎಲ್ಲ ಹೇಳಿಬಿಡುತ್ತಿದ್ದಳು, ಅವರು ಚಹಾ ಕುಡಿದು ಹೋಗುತ್ತಿದ್ದರು. ಈಗ ಯಾರೂ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ತಂಗಿ ನನ್ನ ಹತ್ತಿರ ಬಂದು, ಮೇಲಿನ ಒಂದು ದವಡೆಹಲ್ಲು ಅಲುಗಾಡುತ್ತಿದೆ, ಅವ್ವನಿಗೆ ಹೇಳಬೇಡ ಎಂದಳು. ಪುಸ್ತಕ ತರಬೇಕೆಂದು ಸುಳ್ಳು ಹೇಳಿ ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿದೆವು. ಆ ಡಾಕ್ಟರಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಹಲ್ಲು ತೆಗೆದು, ಉಳಿದವನ್ನು ಒಂದೊಂದಾಗಿ ಮುಟ್ಟಿ ನೋಡಿ ಕಳಿಸಿದರು. ಸಂಜೆ ಮನೆಗೆ ಬಂದಾಗ ತಂಗಿಯ ಕೆನ್ನೆ ಊದಿತ್ತು. ಅವ್ವ ಪುಸ್ತಕ ಎಲ್ಲಿ ಎಂದು ಕೇಳಲಿಲ್ಲ.

"ಯಾವ್ದು?" ಎಂದಳು.

ತಂಗಿ ಬಾಯಿ ತೆರೆದು ತೋರಿಸಿದಳು. ಅವ್ವ ಮೊಬೈಲಿನ ಬೆಳಕು ಹಿಡಿದು ಬಹಳ ಹೊತ್ತು ಒಳಗೆ ನೋಡಿದಳು.

"ಉಳದಾವು ಗಟ್ಟಿ ಅದಾವಲ್ಲ?"

"ಸದ್ಯಕ್ಕ ಅದಾವವ್ವಾ" ಎಂದೆ.